ಹೊಸ ಚಿಪ್ ಬಂತು, ಲ್ಯಾಪ್‌ಟಾಪ್ ಯಾವಾಗ?

2005ರ ಜೂನ್ 6. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ್ಯಪಲ್ ಕಂಪನಿಯ ಡೆವಲಪರ್ ಸಮ್ಮೇಳನ ನಡೆದಿತ್ತು. ವೇದಿಕೆಯ ಮೇಲಿದ್ದ ಸ್ಟೀವ್ ಜಾಬ್ಸ್ ಆ ದಿನ ಎರಡು ಸೋಲುಗಳನ್ನು ತಾವಾಗಿಯೇ ಒಪ್ಪಿಕೊಂಡರು. 2003ರಲ್ಲಿ ಜಿ5 ಎಂಬ ಪ್ರೊಸೆಸರ್ ಇರುವ ಡೆಸ್ಕ್‌ಟಾಪ್ ಹೊರತಂದಾಗ, ವರ್ಷದೊಳಗೆ ಅದನ್ನು 3 ಗಿಗಾಹರ್ಟ್ಸ್ ವೇಗಕ್ಕೆ ಮುಟ್ಟಿಸುತ್ತೇವೆ ಎಂದು ಅವರು ಮಾತು ಕೊಟ್ಟಿದ್ದರು. ಆ ಮಾತು ನಡೆಯಲಿಲ್ಲ. ಅದೇ ಜಿ5 ಇರುವ ಲ್ಯಾಪ್‌ಟಾಪಿಗಾಗಿ ಜನ ಎರಡು ವರ್ಷದಿಂದ ಕಾಯುತ್ತಿದ್ದರು. ಅದೂ ಬರಲಿಲ್ಲ.

ಕಾರಣ ಶಾಖ. 2004ರ ಡೆಸ್ಕ್‌ಟಾಪ್ 2.5 ಗಿಗಾಹರ್ಟ್ಸ್‌ಗೇ ನಿಂತಿತು. ಅದರ ಚಿಪ್ಪನ್ನು ತಣ್ಣಗಿಡಲು ದ್ರವ ಹರಿಸುವ ಏರ್ಪಾಡು ಬೇಕಾಯಿತು. ಅಂಥ ಚಿಪ್ಪನ್ನು ಒಂದಂಗುಲ ದಪ್ಪದ ಪೆಟ್ಟಿಗೆಯೊಳಗಿಟ್ಟು ತೊಡೆಯ ಮೇಲಿರಿಸಿಕೊಂಡು ಕೆಲಸ ಮಾಡುವುದು ಆಗದ ಮಾತು. ಮ್ಯಾಕ್ ಕಂಪ್ಯೂಟರುಗಳೆಲ್ಲ ಇಂಟೆಲ್ ಪ್ರೊಸೆಸರಿಗೆ ಬದಲಾಗಲಿವೆ ಎಂದು ಜಾಬ್ಸ್ ಪ್ರಕಟಿಸಿದ್ದು ಅದೇ ಭಾಷಣದಲ್ಲಿ. ಬಾರದ ಲ್ಯಾಪ್‌ಟಾಪೊಂದು ಇಡೀ ಕಂಪನಿಯ ದಾರಿಯನ್ನೇ ತಿರುಗಿಸಲು ನೆರವಾಯಿತು.

ಅದಾಗಿ ಇಪ್ಪತ್ತು ವರ್ಷ ಕಳೆದಿವೆ. ಕಾಲೇಜು ಸೇರುವ ಹಂಗಾಮಿನಲ್ಲಿ ನೆಂಟರ ಮಕ್ಕಳು ನನ್ನನ್ನು ಕೇಳುವುದು ಇವತ್ತಿಗೂ ಆ ಜಿ5 ಲ್ಯಾಪ್‌ಟಾಪಿಗೆ ಕಾದವರ ಪ್ರಶ್ನೆಯನ್ನೇ. "ಚಿಕ್ಕಪ್ಪ, ಹೊಸ ಜನರೇಷನ್ ಬರ್ತಿದೆಯಂತೆ. ಈಗ್ಲೇ ತಗೊಳ್ಳಲಾ, ಇನ್ನೆರಡು ತಿಂಗಳು ಕಾಯಲಾ?" ಅಪ್ಪ ಅಮ್ಮ ಕೂಡಿಟ್ಟ ಹಣದಲ್ಲಿ, ಎಷ್ಟೋ ಸಲ ಕಂತಿನ ಸಾಲದಲ್ಲಿ, ನಾಲ್ಕೈದು ವರ್ಷಕ್ಕೆಂದು ಕೊಳ್ಳುವ ವಸ್ತು ಅದು. ಹಾಗಾಗಿ ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹೊಸ ಚಿಪ್ ಯಾವಾಗಲೂ ಬರುತ್ತಲೇ ಇರುತ್ತದೆ. ಬಂದದ್ದು ನಮ್ಮ ಪಾಲಿಗೆ ಏನನ್ನು ಬದಲಿಸುತ್ತದೆ ಎಂದು ತಿಳಿಯಬೇಕಾದರೆ, ಚಿಪ್ ಹುಟ್ಟಿದ ದಿನಕ್ಕೂ ಅದು ಅಂಗಡಿಗೆ ಬರುವ ದಿನಕ್ಕೂ ನಡುವೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಘೋಷಣೆಯಿಂದ ಅಂಗಡಿಯವರೆಗೆ

ಡೆಸ್ಕ್‌ಟಾಪ್ ಜೋಡಿಸುವವರಿಗೆ ಹೊಸ ಪ್ರೊಸೆಸರ್ ಎಂದರೆ ಒಂದು ಡಬ್ಬಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡು, ಹೊಂದುವ ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿ ಕೂರಿಸಿದರೆ ಸಂಜೆಯೊಳಗೆ ಕಂಪ್ಯೂಟರ್ ಸಿದ್ಧ. ಲ್ಯಾಪ್‌ಟಾಪಿನ ಕತೆ ಬೇರೆ. ಇಂದಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅದರ ಸುತ್ತ ವಿದ್ಯುತ್ ಹಂಚುವ ಸರ್ಕೀಟು, ಮೆಮೊರಿ, ಶಾಖ ಒಯ್ಯುವ ತಾಮ್ರದ ಕೊಳವೆ, ಫ್ಯಾನ್, ಬ್ಯಾಟರಿ ಎಲ್ಲವನ್ನೂ ಅದೊಂದೇ ಮಾದರಿಗೆಂದು ಅಳೆದು ಮಾಡಿರುತ್ತಾರೆ. ಪ್ರೊಸೆಸರ್ ಬದಲಾದರೆ ಆ ಲೆಕ್ಕವನ್ನೆಲ್ಲ ಮತ್ತೆ ಹಾಕಬೇಕು.

ಆದ್ದರಿಂದ ಕೆಲಸ ಘೋಷಣೆಗಿಂತ ಬಹಳ ಮೊದಲೇ ಶುರುವಾಗುತ್ತದೆ. ಇಂಟೆಲ್, ಎಎಂಡಿಯಂಥ ಕಂಪನಿಗಳು ಪರೀಕ್ಷೆಯ ಸ್ಯಾಂಪಲ್ ಚಿಪ್ಪುಗಳನ್ನು ತಯಾರಕರಿಗೆ ತಿಂಗಳುಗಟ್ಟಲೆ ಮುಂಚೆ ಕೊಡುತ್ತವೆ. ನಾವು ನೋಡುವ ಬ್ರ್ಯಾಂಡುಗಳ ಹಿಂದೆ ಬಹುತೇಕ ಲ್ಯಾಪ್‌ಟಾಪುಗಳನ್ನು ನಿಜವಾಗಿ ತಯಾರಿಸುವುದು ಕ್ವಾಂಟಾ, ಕಾಂಪಾಲ್, ವಿಸ್ಟ್ರಾನ್, ಇನ್‌ವೆಂಟೆಕ್‌ನಂಥ ತೈವಾನ್ ಮೂಲದ ಕಂಪನಿಗಳು. ಅಲ್ಲಿ ಮಾದರಿಗಳನ್ನು ಮೂರು ನಾಲ್ಕು ಸುತ್ತು ಕಟ್ಟಿ, ಕೆಡವಿ, ತಿದ್ದುತ್ತಾರೆ. ಮುಚ್ಚಳ ಮುಚ್ಚಿದಾಗ ಯಂತ್ರ ನಿದ್ದೆಗೆ ಹೋಗುತ್ತದೆಯೇ, ತೆರೆದಾಗ ಏಳುತ್ತದೆಯೇ, ಬ್ಯಾಟರಿ ಹೇಳಿದಷ್ಟು ಹೊತ್ತು ಬರುತ್ತದೆಯೇ ಎಂದು ನೋಡುತ್ತಾರೆ. ಇದು ಬಹುಪಾಲು ಫರ್ಮ್‌ವೇರ್ ಮತ್ತು ಡ್ರೈವರ್‌ಗಳ ಕೆಲಸ. ಭಾರತದಲ್ಲಿ ಮಾರಬೇಕಾದರೆ ಭಾರತೀಯ ಮಾನಕ ಬ್ಯೂರೋದಲ್ಲಿ (ಬಿಐಎಸ್) ನೋಂದಣಿಯೂ ಆಗಬೇಕು. ಲ್ಯಾಪ್‌ಟಾಪುಗಳಿಗೆ ಇದನ್ನು ಕಡ್ಡಾಯ ಮಾಡಿದ್ದು 2012ರ ಆದೇಶ.

ಈ ಅಂತರ ಎಷ್ಟಿರಬಹುದು? ಕ್ವಾಲ್ಕಾಂ ತನ್ನ ಸ್ನ್ಯಾಪ್‌ಡ್ರಾಗನ್ ಎಕ್ಸ್ ಎಲೀಟ್ ಚಿಪ್ಪನ್ನು 2023ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಅದಿರುವ ಲ್ಯಾಪ್‌ಟಾಪುಗಳು ಮಾರಾಟಕ್ಕೆ ಬಂದದ್ದು 2024ರ ಜೂನ್ 18ಕ್ಕೆ, ಸುಮಾರು ಎಂಟು ತಿಂಗಳ ಮೇಲೆ. ಆಗಲೂ ಕೆಲವು ಆಟಗಳು, ಹಳೆಯ ಪ್ರಿಂಟರ್ ಡ್ರೈವರುಗಳು, ಕೆಲವು ವಿಪಿಎನ್ ತಂತ್ರಾಂಶಗಳು ಅದರ ಮೇಲೆ ಓಡುತ್ತಿರಲಿಲ್ಲ. ಚಿಪ್ ಕಂಪನಿಗೆ ಘೋಷಣೆಯ ದಿನ ಹಬ್ಬ. ನಮ್ಮ ಹಬ್ಬ ಮನೆಯ ಪ್ರಿಂಟರಿನಿಂದ ಹಾಳೆ ಹೊರಬಂದ ದಿನವೇ.

2006ರ ಮೂರು ತಿಂಗಳು

ಮತ್ತೆ ಆ್ಯಪಲ್‌ಗೆ ಬರೋಣ. ತಯಾರಕರ ಸಮಯಪ್ರಜ್ಞೆಯನ್ನು ಓದಲು ಇಷ್ಟು ಸ್ಪಷ್ಟವಾದ ದಾಖಲೆ ಇನ್ನೊಂದಿಲ್ಲ. 2006ರ ಜನವರಿ 5ರಂದು ಇಂಟೆಲ್ ಕೋರ್ ಡ್ಯುಯೊ ಚಿಪ್ಪನ್ನು ಹೊರತಂದಿತು. ಜನವರಿ 10ರಂದೇ ಜಾಬ್ಸ್ ಮೊದಲ ಮ್ಯಾಕ್‌ಬುಕ್ ಪ್ರೊ ತೋರಿಸಿದರು. ಫೆಬ್ರವರಿಯಲ್ಲಿ ಅವು ಗ್ರಾಹಕರ ಕಡೆಗೆ ಹೊರಟವು, ಅದೂ ಮೊದಲು ಹೇಳಿದ್ದಕ್ಕಿಂತ ವೇಗದ ಚಿಪ್ಪುಗಳೊಂದಿಗೆ. ತಯಾರಕರು ಚಿಪ್ಪಿನ ಜೊತೆಜೊತೆಗೇ ಓಡಿದ ಅಪರೂಪದ ಸಂದರ್ಭ ಅದು.

ಅದೇ ವರ್ಷ ಜುಲೈ 27ರಂದು ಇಂಟೆಲ್ ಕೋರ್ 2 ಡ್ಯುಯೊ ಪ್ರಕಟಿಸಿತು. ಲ್ಯಾಪ್‌ಟಾಪಿಗೆಂದು ಮಾಡಿದ ಅದರ ರೂಪ, ಮೆರೋಮ್ ಎಂಬ ಒಳಹೆಸರಿನದು, ಹಳೆಯ ಕೋರ್ ಡ್ಯುಯೊ ಕೂರುವ ಜಾಗದಲ್ಲೇ ಕೂರುವಂತಿತ್ತು. ಅಮೆರಿಕದ ಬೇಸಿಗೆ ಮುಗಿಯುವ ಹೊತ್ತಿಗೆ ಬೇರೆ ಕಂಪನಿಗಳು ಮಾರಲು ಶುರು ಮಾಡಿದವು. ಜನ ಆ್ಯಪಲ್ ಕಡೆ ನೋಡಿದರು. ಆಗಸ್ಟ್ ಹೋಯಿತು, ಸೆಪ್ಟೆಂಬರ್ ಹೋಯಿತು. ಹೊಸ ಮ್ಯಾಕ್‌ಬುಕ್ ಪ್ರೊ ಬಂದದ್ದು ಅಕ್ಟೋಬರ್ 24ಕ್ಕೆ. ಅಗ್ಗದ ಮ್ಯಾಕ್‌ಬುಕ್ ನವೆಂಬರ್‌ನಲ್ಲಿ. ಚಿಪ್ ಬದಲಿಸುವುದೇ ಕೆಲಸವಾದರೆ ಇಷ್ಟು ಹೊತ್ತೇಕೆ ಎಂದು ಕಾದವರು ಸಿಡುಕಿದರು. ಸುಮ್ಮನೆ ಗೀಳು ಹಿಡಿದವರು ಎಂದು ಉಳಿದವರು ಅವರನ್ನು ಬದಿಗೆ ಸರಿಸಿದರು. ಆರಂಭದ ವೇಗ ಪರೀಕ್ಷೆಗಳಲ್ಲಿ ವ್ಯತ್ಯಾಸ ದೊಡ್ಡದಾಗಿಯೂ ಕಾಣುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಐದು ವರ್ಷದ ನಂತರ. ಕೋರ್ ಡ್ಯುಯೊ 32 ಬಿಟ್ ಚಿಪ್, ಕೋರ್ 2 ಡ್ಯುಯೊ 64 ಬಿಟ್‌ನದು. 2011ರ ಜುಲೈನಲ್ಲಿ ಬಂದ ಮ್ಯಾಕ್ ಒಎಸ್ ಎಕ್ಸ್ ಲಯನ್ ಮೊದಲನೆಯದರ ಮೇಲೆ ಓಡುವುದೇ ಇಲ್ಲ ಎಂದಾಯಿತು. 2006ರ ಸೆಪ್ಟೆಂಬರ್‌ನಲ್ಲಿ ಕೊಂಡವರ ಯಂತ್ರ ಅಲ್ಲಿಗೇ ನಿಂತಿತು. ನವೆಂಬರ್‌ನಲ್ಲಿ ಕೊಂಡವರದು ಮುಂದೆ ಸಾಗಿತು.

ಇದೇ ಕತೆ ವಿಂಡೋಸ್ ಲೋಕದಲ್ಲೂ ಮರುಕಳಿಸಿತು. 2017ರ ಆಗಸ್ಟ್ 21ರಂದು ಇಂಟೆಲ್ ಎಂಟನೇ ತಲೆಮಾರಿನ ಲ್ಯಾಪ್‌ಟಾಪ್ ಚಿಪ್ಪುಗಳನ್ನು ಬಿಟ್ಟಿತು. ತೆಳು ಲ್ಯಾಪ್‌ಟಾಪಿನ ಐ5ರಲ್ಲಿ ಅದುವರೆಗೆ ಎರಡು ಕೋರ್ ಇರುತ್ತಿದ್ದವು, ಐ5-8250ಯುನಲ್ಲಿ ನಾಲ್ಕಾದವು. 2021ರಲ್ಲಿ ವಿಂಡೋಸ್ 11 ಬಂದಾಗ ಮೈಕ್ರೋಸಾಫ್ಟ್ ಕೆಲವೇ ವಿನಾಯಿತಿಗಳನ್ನು ಬಿಟ್ಟು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚಿನವನ್ನು ಮಾತ್ರ ಒಪ್ಪಿತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2017ರ ಜೂನ್‌ನಲ್ಲಿ ಮಗಳ ಕಾಲೇಜಿಗೆಂದು ಏಳನೇ ತಲೆಮಾರಿನ ಲ್ಯಾಪ್‌ಟಾಪ್ ಕೊಂಡ ಮನೆಯವರಿಗೆ, ಬರಲಿರುವ ಎರಡು ತಿಂಗಳು ಇಷ್ಟು ತೂಕದ್ದು ಎಂದು ಯಾರೂ ಹೇಳಿರಲಿಲ್ಲ. ಹೇಳಬಲ್ಲವರೂ ಆಗ ಇರಲಿಲ್ಲ.

ಹೊಸ ಅಕ್ಕಿಯ ಅನ್ನ

ಹಾಗಾದರೆ ಹೊಸದು ಬಂದ ದಿನವೇ ಕೊಳ್ಳುವುದು ಜಾಣತನವೇ? ಸುಗ್ಗಿಯಲ್ಲಿ ಬಂದ ಅಕ್ಕಿಯನ್ನು ನಮ್ಮ ಹಿರಿಯರು ಕೂಡಲೇ ಒಲೆಗೆ ಏರಿಸುತ್ತಿರಲಿಲ್ಲ. ಹೊಸ ಅಕ್ಕಿಯ ಅನ್ನ ಮುದ್ದೆಗಟ್ಟುತ್ತದೆ. ಆರು ತಿಂಗಳು ಕಳೆದರೆ ಉದುರುದುರಾಗಿ ಬೇಯುತ್ತದೆ. ಚಿಪ್ಪುಗಳಿಗೂ ಈ ಮಾಗುವ ಕಾಲ ಬೇಕು.

2011ರ ಜನವರಿಯಲ್ಲಿ ಇಂಟೆಲ್ ಸ್ಯಾಂಡಿ ಬ್ರಿಡ್ಜ್ ಎಂಬ ಪೀಳಿಗೆಯನ್ನು ತಂದಿತು. ಪ್ರೊಸೆಸರ್ ಅದ್ಭುತವಾಗಿತ್ತು. ಆದರೆ ಜನವರಿ 31ರಂದು ಕಂಪನಿಯೇ ಮುಂದೆ ಬಂದು, ಅದರ ಜೊತೆಗಿರುವ ಚಿಪ್‌ಸೆಟ್ಟಿನಲ್ಲಿ ದೋಷವಿದೆ, ಹಾರ್ಡ್ ಡಿಸ್ಕ್ ಜೋಡಿಸುವ ಕೆಲವು ಸಾಟಾ ಪೋರ್ಟುಗಳು ಕಾಲಕ್ರಮೇಣ ಸೊರಗಬಹುದು ಎಂದು ತಿಳಿಸಿತು. ಸಾಗಣೆ ನಿಂತಿತು. ದುರಸ್ತಿ ಮತ್ತು ಬದಲಾವಣೆಗೆ ಒಟ್ಟು 70 ಕೋಟಿ ಡಾಲರ್ ತಗಲಬಹುದೆಂದು ಇಂಟೆಲ್ ಅಂದಾಜು ಮಾಡಿತು. ತಪ್ಪನ್ನು ಮುಚ್ಚಿಡದೆ ಹೇಳಿದ್ದು ದೊಡ್ಡದು. ಆದರೂ ಜನವರಿಯಲ್ಲೇ ಕೊಂಡವರು ಬದಲಿಗಾಗಿ ಅಲೆಯಬೇಕಾಯಿತು; ಒಂದೆರಡು ತಿಂಗಳು ತಡೆದವರಿಗೆ ತಿದ್ದಿದ ಚಿಪ್‌ಸೆಟ್ ಸಿಕ್ಕಿತು.

2015ರಲ್ಲಿ ಮೈಕ್ರೋಸಾಫ್ಟ್ ಇನ್ನೊಂದು ಪಾಠ ಕಲಿಸಿತು. ಇಂಟೆಲ್‌ನ ಆರನೇ ತಲೆಮಾರಿನ ಸ್ಕೈಲೇಕ್ ಲ್ಯಾಪ್‌ಟಾಪ್ ಚಿಪ್ಪುಗಳು ಸೆಪ್ಟೆಂಬರ್‌ನಲ್ಲಿ ಪ್ರಕಟವಾದವು. ಅಕ್ಟೋಬರ್ 26ಕ್ಕೇ ಸರ್ಫೇಸ್ ಬುಕ್ ಮತ್ತು ಸರ್ಫೇಸ್ ಪ್ರೊ 4 ಮಾರುಕಟ್ಟೆಯಲ್ಲಿದ್ದವು. ಆದರೆ ಯಂತ್ರ ಸರಿಯಾಗಿ ನಿದ್ದೆಗೆ ಹೋಗುತ್ತಿರಲಿಲ್ಲ. ಚೀಲದಲ್ಲಿಟ್ಟ ಲ್ಯಾಪ್‌ಟಾಪ್ ಒಳಗೇ ಬಿಸಿಯಾಗಿ, ತೆಗೆಯುವ ಹೊತ್ತಿಗೆ ಬ್ಯಾಟರಿ ಇಳಿದಿರುತ್ತಿತ್ತು. ತಿದ್ದುಪಡಿಗಳು ಒಂದೊಂದಾಗಿ ಬರಲು ತಿಂಗಳುಗಳೇ ಹಿಡಿದವು. ಚಿಪ್ ಕೆಟ್ಟದ್ದಾಗಿರಲಿಲ್ಲ. ಅದನ್ನು ಪಳಗಿಸಲು ಬೇಕಾದ ಸಮಯ ಸಿಕ್ಕಿರಲಿಲ್ಲ.

ತಡವೂ ಹೊರೆಯಾದಾಗ

ತಡವಾದದ್ದೆಲ್ಲ ಎಚ್ಚರಿಕೆಯ ಫಲವೆಂದು ನಂಬುವುದೂ ತಪ್ಪು. 2015ರ ಮೇ ತಿಂಗಳಲ್ಲಿ ಆ್ಯಪಲ್ ತನ್ನ 15 ಇಂಚಿನ ಮ್ಯಾಕ್‌ಬುಕ್ ಪ್ರೊವನ್ನು ಹೊಸದಾಗಿಸಿದಾಗ, ಒಳಗಿದ್ದದ್ದು 2013ರಲ್ಲಿ ಬಂದ ಹ್ಯಾಸ್ವೆಲ್ ಪೀಳಿಗೆಯ ಪ್ರೊಸೆಸರೇ. ಇಂಟೆಲ್‌ನ 14 ನ್ಯಾನೋಮೀಟರ್ ತಯಾರಿಕೆ ತಡವಾಗಿ, ಮುಂದಿನ ಪೀಳಿಗೆಯ ನಾಲ್ಕು ಕೋರ್ ಚಿಪ್ಪುಗಳು ಇನ್ನೂ ಬಂದಿರಲಿಲ್ಲ. ಆಮೇಲೆ ಸ್ಕೈಲೇಕ್ ಬಂದರೂ ಹೊಸ ಮ್ಯಾಕ್‌ಬುಕ್ ಪ್ರೊ ಬಂದದ್ದು 2016ರ ಅಕ್ಟೋಬರ್ 27ಕ್ಕೆ. ಆಗ ಬೇರೆ ಕಂಪನಿಗಳ ತೆಳು ಲ್ಯಾಪ್‌ಟಾಪುಗಳಲ್ಲಿ ಏಳನೇ ತಲೆಮಾರು ಕಾಲಿಟ್ಟಿತ್ತು. ವಿಡಿಯೊ ಸಂಕಲನ, ವಿನ್ಯಾಸದಂಥ ಭಾರಿ ಕೆಲಸ ಮಾಡುವವರು ಹದಿನೇಳು ತಿಂಗಳು ಹಳೆಯ ಯಂತ್ರಕ್ಕೆ ಹೊಸ ಯಂತ್ರದ ಬೆಲೆ ತೆತ್ತಿದ್ದರು. ಬಂದದ್ದರಲ್ಲೂ ಮೆಮೊರಿ 16 ಜಿಬಿ ಮೀರುತ್ತಿರಲಿಲ್ಲ. ಆ ಚಿಪ್ ಬೆಂಬಲಿಸುತ್ತಿದ್ದ, ಕಡಿಮೆ ವಿದ್ಯುತ್ ನುಂಗುವ ಮೆಮೊರಿಯ ಮಿತಿಯೇ ಅಷ್ಟು. ಅದನ್ನು ದಾಟಿಸಬೇಕಿದ್ದ 10 ನ್ಯಾನೋಮೀಟರ್ ಚಿಪ್ಪುಗಳು ವರ್ಷದಿಂದ ವರ್ಷಕ್ಕೆ ಮುಂದೆ ಹೋಗಿ, ದೊಡ್ಡ ಪ್ರಮಾಣದಲ್ಲಿ ಬಂದದ್ದು 2019ರಲ್ಲಿ.

ಇಲ್ಲಿ ದೋಷ ಯಾರದು? ಚಿಪ್ ಕಂಪನಿ ತನ್ನ ಪಂಚಾಂಗ ಉಳಿಸಿಕೊಳ್ಳಲಿಲ್ಲ; ಲ್ಯಾಪ್‌ಟಾಪ್ ಕಂಪನಿ ಕೈಯಲ್ಲಿದ್ದದ್ದನ್ನೂ ಬೇಗ ಬಡಿಸಲಿಲ್ಲ. 2020ರ ನವೆಂಬರ್ 10ರಂದು ಆ್ಯಪಲ್ ತನ್ನದೇ ಎಂ1 ಚಿಪ್ ತಂದಾಗ, ಇನ್ನೊಬ್ಬರ ಪಂಚಾಂಗಕ್ಕೆ ಕಾಯುವ ಕಷ್ಟ ತಪ್ಪಿತು ಎಂದುಕೊಂಡೆವು. ಫ್ಯಾನೇ ಇಲ್ಲದ ಮ್ಯಾಕ್‌ಬುಕ್ ಏರ್ ಆ ದಿನ ಜಗತ್ತನ್ನು ಬೆರಗುಗೊಳಿಸಿದ್ದು ನಿಜ. ಆದರೆ ಕಾಯುವಿಕೆ ತಪ್ಪಲಿಲ್ಲ. ಎಂ4 ಚಿಪ್ 2024ರ ಮೇನಲ್ಲಿ ಐಪ್ಯಾಡ್ ಪ್ರೊದಲ್ಲಿ ಬಂತು. ಮ್ಯಾಕ್‌ಬುಕ್ ಪ್ರೊಗೆ ಅದೇ ವರ್ಷದ ಅಕ್ಟೋಬರ್‌ನಲ್ಲಿ, ಏರ್‌ಗೆ 2025ರ ಮಾರ್ಚ್‌ನಲ್ಲಿ. ಚಿಪ್ಪೂ ತಮ್ಮದೇ, ಯಂತ್ರವೂ ತಮ್ಮದೇ ಆದಾಗಲೂ ಹತ್ತು ತಿಂಗಳ ಅಂತರ ಉಳಿಯಿತು. ಯಾವ ಮಾದರಿಗೆ ಯಾವಾಗ ಸರದಿ ಎಂದು ತೀರ್ಮಾನಿಸುವಾಗ ಇಂಜಿನಿಯರಿಂಗ್ ಜೊತೆಗೆ ವ್ಯಾಪಾರದ ಲೆಕ್ಕವೂ ಇರುತ್ತದೆ.

ಮೌನಕ್ಕೆ ಕಾರಣ

"ಮುಂದಿನ ತಿಂಗಳು ಹೊಸದು ಬರುತ್ತದೆ, ತಡೆಯಿರಿ" ಎಂದು ಕಂಪನಿಯೇ ಏಕೆ ಹೇಳುವುದಿಲ್ಲ? ಹೇಳಿ ಕೆಟ್ಟವರೊಬ್ಬರ ಕತೆ ಈ ಉದ್ಯಮದ ಬೆನ್ನಿಗಂಟಿದೆ. ಆ್ಯಡಂ ಆಸ್ಬಾರ್ನ್ ಬಾಲ್ಯ ಕಳೆದದ್ದು ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ. ಅವರ ತಂದೆ ಆರ್ಥರ್ ಆಸ್ಬಾರ್ನ್ ರಮಣ ಮಹರ್ಷಿಗಳ ಭಕ್ತರು. ಮಗ ಅಮೆರಿಕಕ್ಕೆ ಹೋಗಿ 1981ರಲ್ಲಿ ಆಸ್ಬಾರ್ನ್ 1 ಎಂಬ ಹೊತ್ತೊಯ್ಯಬಲ್ಲ ಕಂಪ್ಯೂಟರನ್ನು 1,795 ಡಾಲರಿಗೆ ಮಾರಿದರು. ತೂಕ ಸುಮಾರು 11 ಕಿಲೊ, ಪರದೆ ಐದು ಇಂಚು. ಆದರೂ ಭರ್ಜರಿಯಾಗಿ ಹೋಯಿತು. 1983ರಲ್ಲಿ ಮುಂದಿನ ಮಾದರಿಯ ಸುದ್ದಿ ಮುಂಚಿತವಾಗಿ ಹೊರಬಿದ್ದು, ವ್ಯಾಪಾರಿಗಳು ಹಳೆಯದರ ಆರ್ಡರು ನಿಲ್ಲಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿಯಾಯಿತು. ಪೈಪೋಟಿ, ಆಡಳಿತದ ತಪ್ಪುಗಳೂ ಅದಕ್ಕೆ ಕಾರಣವಾಗಿದ್ದವು. ಆದರೂ ಮುಂಗಡ ಘೋಷಣೆಯಿಂದ ಇಂದಿನ ಮಾರಾಟ ಸಾಯುವುದಕ್ಕೆ ಆಸ್ಬಾರ್ನ್ ಪರಿಣಾಮ ಎಂಬ ಹೆಸರೇ ನಿಂತಿತು. ಆಸ್ಬಾರ್ನ್ 2003ರಲ್ಲಿ ಕೊಡೈಕೆನಾಲ್‌ನಲ್ಲಿ ತೀರಿಕೊಂಡರು.

ಆ ಭಯ ನನಗೆ ಅರ್ಥವಾಗುತ್ತದೆ. ಮುಂದಿನದನ್ನು ಹೇಳಬೇಕೆಂದು ಕಂಪನಿಗಳನ್ನು ನಾನು ಒತ್ತಾಯಿಸುವುದಿಲ್ಲ. ಕೈಯಲ್ಲಿರುವುದು ಏನೆಂದು ನೇರವಾಗಿ ಹೇಳುವುದು ಮಾತ್ರ ಅವರ ಕರ್ತವ್ಯ. ಅಲ್ಲಿಯೇ ದೊಡ್ಡ ಅನ್ಯಾಯ ನಡೆಯುತ್ತಿದೆ.

ಹೆಸರು ಹೊಸದು, ಒಳಗೆ ಹಳೆಯದು

ಇಂಟೆಲ್‌ನ ಹತ್ತನೇ ತಲೆಮಾರು ನೋಡಿ. ಐ5-1035ಜಿ1 ಹೊಸ 10 ನ್ಯಾನೋಮೀಟರ್ ಚಿಪ್. ಐ5-10210ಯು ಹಳೆಯ 14 ನ್ಯಾನೋಮೀಟರಿನದು. ಎರಡರ ಮೇಲೂ ಹತ್ತನೇ ತಲೆಮಾರಿನ ಐ5 ಎಂಬ ಹೆಸರು. ಎಎಂಡಿಯ ರೈಜೆನ್ 5 7520ಯು ಎಂಬ ಹೆಸರು ಕೇಳಿದವರು 7000 ಸರಣಿಯ ಹೊಸ ಚಿಪ್ ಎಂದುಕೊಳ್ಳುತ್ತಾರೆ. ಅದರೊಳಗಿರುವುದು 2019ರಲ್ಲಿ ಮೊದಲು ಬಂದ ಜೆನ್ 2 ವಿನ್ಯಾಸ. ಆ ಸರಣಿಯಲ್ಲಿ ಗುಟ್ಟು ಮೂರನೇ ಅಂಕಿಯಲ್ಲಿದೆ: 2 ಇದ್ದರೆ ಜೆನ್ 2, 3 ಇದ್ದರೆ ಜೆನ್ 3, 4 ಇದ್ದರೆ ಜೆನ್ 4. 2024ರಿಂದ ಇಂಟೆಲ್ ಕೋರ್ ಅಲ್ಟ್ರಾ ಎಂಬ ಹೊಸ ಪೀಳಿಗೆಯ ಪಕ್ಕದಲ್ಲೇ ಕೋರ್ 7 150ಯು ಎಂಬುದನ್ನೂ ಮಾರುತ್ತಿದೆ. ಹೆಸರು ಹೊಸದು, ವಿನ್ಯಾಸ ಹಿಂದಿನ ರ‍್ಯಾಪ್ಟರ್ ಲೇಕ್.

ಹಳೆಯ ವಿನ್ಯಾಸ ಮಾರುವುದು ತಪ್ಪಲ್ಲ. ಅದು ಅಗ್ಗ, ಪಳಗಿದ್ದು, ಎಷ್ಟೋ ಮನೆಗಳಿಗೆ ಸಾಕು. ಅದಕ್ಕೆ ಹೊಸ ಸಂಖ್ಯೆಯ ಅಂಗಿ ತೊಡಿಸಿ, ಲೇಟೆಸ್ಟ್ ಜನರೇಷನ್ ಎಂದು ಅಂಗಡಿಯಾತ ಹೇಳುವಂತೆ ಮಾಡುವುದು ತಪ್ಪು. ಕೊಳ್ಳುವವರ ನಿರೀಕ್ಷೆ ಅತಿಯಾಯಿತು ಎಂದು ಕಂಪನಿಗಳು ದೂರುತ್ತವೆ. ಆ ನಿರೀಕ್ಷೆಯನ್ನು ಬೆಳೆಸಿದ್ದು ಅವರೇ ಅಂಟಿಸುವ ಸಂಖ್ಯೆಗಳು. ಚಿಪ್ ವಿನ್ಯಾಸದ ಎಷ್ಟೋ ಕೆಲಸ ನಡೆಯುವುದು ನಮ್ಮ ಬೆಂಗಳೂರಿನಲ್ಲೇ. ಇಂಟೆಲ್‌ನ ಆರು ಕೋರ್‌ಗಳ ಸರ್ವರ್ ಚಿಪ್ ಡನಿಂಗ್ಟನ್ 2008ರಲ್ಲಿ ರೂಪುಗೊಂಡದ್ದೂ ಇಲ್ಲಿಯೇ. ಅಷ್ಟು ಸೂಕ್ಷ್ಮದ ಕೆಲಸ ಮಾಡುವ ಉದ್ಯಮ, ಡಬ್ಬಿಯ ಮೇಲೆ ಒಂದು ಸಾಲನ್ನು ಸರಳವಾಗಿ ಬರೆಯಲಾರದೇ?

ಕಾಯುವುದೋ, ಕೊಳ್ಳುವುದೋ

ಮಕ್ಕಳಿಗೆ ನಾನು ಹೇಳುವುದು ಇಷ್ಟು. ಈಗಿರುವ ಯಂತ್ರ ಕೆಲಸ ಮಾಡುತ್ತಿದ್ದರೆ ಮಾತ್ರ ಕಾಯುವುದಕ್ಕೆ ಅರ್ಥವಿದೆ. ತರಗತಿ ಶುರುವಾಗಿ, ಲ್ಯಾಬಿನ ಪ್ರೋಗ್ರಾಮುಗಳನ್ನು ಗೆಳತಿಯ ಲ್ಯಾಪ್‌ಟಾಪಿನಲ್ಲಿ ಬರೆಯುವ ಸ್ಥಿತಿಯಿದ್ದರೆ ಕಾಯುವ ಪ್ರತಿ ವಾರವೂ ನಷ್ಟ. ಕಾಯುವುದರಿಂದ ಬೆಲೆ ಇಳಿದೇ ಇಳಿಯುತ್ತದೆ ಎಂದೂ ಇಲ್ಲ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಜಿಗಿದದ್ದನ್ನು ನೋಡಿದ್ದೇವೆ.

ಬರಲಿರುವ ಚಿಪ್ ಮೂರರಲ್ಲಿ ಒಂದನ್ನಾದರೂ ಬದಲಿಸುತ್ತದೆಯೇ ಎಂದು ಕೇಳಿಕೊಳ್ಳಿ. ಕೋರ್‌ಗಳ ಸಂಖ್ಯೆ ದುಪ್ಪಟ್ಟಾಗುತ್ತದೆಯೇ, 2017ರಲ್ಲಿ ಆದಂತೆ? ಬ್ಯಾಟರಿ ದಿನವಿಡೀ ಬರುವಂತಾಗುತ್ತದೆಯೇ, 2013ರಲ್ಲಿ 13 ಇಂಚಿನ ಮ್ಯಾಕ್‌ಬುಕ್ ಏರ್ ಏಳು ತಾಸಿನಿಂದ ಹನ್ನೆರಡಕ್ಕೆ ಏರಿದಂತೆ? ಮುಂದಿನ ತಂತ್ರಾಂಶಕ್ಕೆ ಬೇಕೇ ಬೇಕಾದದ್ದು ಅದರಲ್ಲಿದೆಯೇ, 2006ರ 64 ಬಿಟ್‌ನಂತೆ? ಹೌದಾದರೆ ಕಾಯಿರಿ; ಬಂದ ಮೇಲೂ ಮೊದಲ ದೂರುಗಳು ತಿಳಿಯಾಗಲು ಎರಡು ತಿಂಗಳು ಬಿಡಿ. ಶೇಕಡಾ ಹತ್ತೋ ಹದಿನೈದೋ ವೇಗ ಹೆಚ್ಚುವುದಷ್ಟೇ ಆದರೆ, ಹಿಂದಿನ ಪೀಳಿಗೆಯ ಮಾದರಿಯನ್ನು ಇಳಿದ ಬೆಲೆಗೆ ಕೊಂಡು ಉಳಿದ ಹಣಕ್ಕೆ ಮೆಮೊರಿ ಹೆಚ್ಚಿಸಿಕೊಳ್ಳಿ. ಬೆಸುಗೆ ಹಾಕಿದ ಮೆಮೊರಿಯಾದರೆ ಕೊಳ್ಳುವ ದಿನವೇ 16 ಜಿಬಿ ಇರಲಿ, ಆಮೇಲೆ ಸೇರಿಸಲಾಗದು.

ಅಂಗಡಿಯಲ್ಲಿ ಐ5 ಇದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ಚಿಪ್ಪಿನ ಪೂರ್ತಿ ಹೆಸರನ್ನು, ಕೊನೆಯ ಅಕ್ಷರದವರೆಗೆ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನೂರು ಮಂದಿ ಹಾಗೆ ಕೇಳಿದರೆ ಅಂಗಡಿಯಾತ ಕಲಿಯುತ್ತಾನೆ. ಸಾವಿರ ಅಂಗಡಿಗಳು ಕೇಳಿದರೆ ಕಂಪನಿ ಕಲಿಯುತ್ತದೆ. ಜಿ5 ಲ್ಯಾಪ್‌ಟಾಪಿಗೆ ಕಾದವರಿಗೆ ಕೊನೆಗೆ ಅದು ಸಿಗಲಿಲ್ಲ. ಆದರೂ ವೇದಿಕೆಯ ಮೇಲೆ ನಿಂತು, ಆಗಲಿಲ್ಲ ಎಂದು ಒಪ್ಪಿಕೊಳ್ಳುವ ಸ್ಥಿತಿಗೆ ಒಂದು ಕಂಪನಿ ಬಂದದ್ದು ಅವರು ಕೇಳುತ್ತಲೇ ಇದ್ದುದರಿಂದ.